ಗಿರಿಜಕ್ಕನ ಕೈಯ ಬಣ್ಣ ತೆಗೆದ ವರ್ಷ

ಮೊನ್ನೆ ಅಡ್ಡಗದ್ದೆಯ ನೆಂಟರ ಮನೆಯಲ್ಲಿ ಊಟ ಮುಗಿಸಿ ಸ್ಕೂಟರು ಹತ್ತುತ್ತಿದ್ದೆ. ಪಕ್ಕದ ಮನೆಯ ಅಂಗಳದಿಂದ ಅಡಿಕೆ ಬೇಯುವ ವಾಸನೆ ಬಂತು. ಒಗರು ಒಗರಾದ, ಸ್ವಲ್ಪ ಸೌದೆ ಹೊಗೆ ಸೇರಿದ ವಾಸನೆ. ಈ ಕಡೆ ಹುಟ್ಟಿ ಬೆಳೆದವರಿಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ ಎನ್ನುತ್ತಾರೆ. ನನಗೂ ಮೊದಲು ಹಾಗೇ ಇತ್ತು. ಈಗ ಅದು ಮೂಗಿಗೆ ಬಿದ್ದರೆ ಆ ಹಿತ ಇಲ್ಲ. ಸ್ಕೂಟರು ಶುರು ಮಾಡದೆ ಸುಮ್ಮನೆ ನಿಂತೇ ಇದ್ದೆ. "ಎಂತಾಯ್ತೇ, ಪೆಟ್ರೋಲ್ ಖಾಲಿಯಾ?" ಎಂದು ನೆಂಟರು ಕೇಳಿದರು. ಹೌದು ಅನ್ನುವುದು ಸುಲಭವಿತ್ತು, ಹೌದು ಅಂದೆ. ಅವರು ಬಾಟಲಿ ಹುಡುಕಲು ಒಳಗೆ ಹೋದದ್ದು ನೋಡಿ ನಾಚಿಕೆಯಾಗಿ, ಹೇಳದೆ ಕೇಳದೆ ಹೊರಟು ಬಂದೆ.

ನಾನು ಕೊಪ್ಪದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಹೆಸರಿಗೆ ಟೀಚರ್, ಪರೀಕ್ಷೆ ಹತ್ತಿರ ಬಂದರೆ ನನ್ನ ಪೀರಿಯಡ್ಡುಗಳನ್ನೆಲ್ಲ ಗಣಿತದವರು ಕೇಳಿ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಎರಡು ಗುಡ್ಡದ ನಡುವೆ ಸೂರ್ಯ ಬರೆಸಿ ಬರೆಸಿ ಬೇಸರ ಬಂದಿದ್ದ ಹೊತ್ತಿನಲ್ಲಿ, ಫೋನಿನಲ್ಲಿ ಆಡುವ ಒಂದು ಕಾರ್ಡ್ ಆಟಕ್ಕೆ ಚಿತ್ರ ಬರೆದುಕೊಡುವ ಕೆಲಸ ಸಿಕ್ಕಿತು. ಇದು ಇಸ್ಪೀಟಲ್ಲ. ಒಂದೊಂದು ಕಾರ್ಡಿನಲ್ಲಿ ಒಬ್ಬ ವೀರನೋ ಯಕ್ಷಿಯೋ ಕಾಡುಮೃಗವೋ ಇರುತ್ತದೆ, ಅದಕ್ಕೊಂದು ಶಕ್ತಿ, ಚಿತ್ರದ ಕೆಳಗೆ ಒಂದು ಸಾಲಿನ ಕಥೆ. ಇಬ್ಬರು ಆಟಗಾರರು ತಮ್ಮ ತಮ್ಮ ಕಾರ್ಡುಗಳನ್ನು ಕಾದಾಟಕ್ಕೆ ಇಳಿಸುತ್ತಾರೆ. ಕಂಪನಿಯವರು ದೂರದ ಊರಿನವರು. ಅವರ ಪೈಕಿ ನನ್ನೊಂದಿಗೆ ಮಾತಾಡುತ್ತಿದ್ದವನು ನಿಶಾಂತ್ ಎಂಬ ಹುಡುಗ. ಎಷ್ಟು ಬೈದರೂ "ಓಕೆ ಮೇಡಂ" ಎನ್ನುವ, ಎಷ್ಟು ಹೇಳಿದರೂ ತನಗೆ ಬೇಕಾದ್ದನ್ನೇ ಮಾಡಿಸುವ ಹುಡುಗ.

ಕೆಂಗೈ ಎಂಬ ಕಾರ್ಡನ್ನು ನಾನು ಬರೆದದ್ದು ಗಿರಿಜಕ್ಕನನ್ನು ನೋಡಿ.

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ನನ್ನ ಸೋದರಮಾವನ ಅಡಿಕೆ ಸುಲಿಯುವ ಶೆಡ್ಡು ಇದೆ. ತಗಡಿನ ಚಾವಣಿ, ಮೂರು ಕಡೆ ಗೋಡೆಯಿಲ್ಲ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ದೊಡ್ಡ ಹಂಡೆ. ಕೊಯ್ಲಿನ ತಿಂಗಳುಗಳಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಸುಲಿಯುತ್ತಾರೆ. ಎಲ್ಲರ ಮುಂದೆಯೂ ಒಂದೊಂದು ಮೆಟ್ಟುಗತ್ತಿ. ಅದರ ಮಣೆಯನ್ನು ಕಾಲಲ್ಲಿ ಅದುಮಿಟ್ಟುಕೊಂಡು, ಮೇಲಕ್ಕೆ ನಿಂತ ಅಲಗಿಗೆ ಹಸಿ ಅಡಿಕೆ ಒತ್ತಿ ಸಿಪ್ಪೆ ಬಿಡಿಸಬೇಕು. ಸುಲಿದ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಗಂದು ನೀರಿಗೆ ಚೊಗರು ಎನ್ನುತ್ತಾರೆ. ಅಡಿಕೆಗೆ ಬಣ್ಣ ಬರುವುದು ಅದರಿಂದ. ಸುಲಿಯುವಾಗ ಬರುವ ರಸ, ಚೊಗರು ಎರಡೂ ಸೇರಿ ಕೈಗೆ ಹಿಡಿಯುವ ಕರೆ ಹುಣಸೆಹಣ್ಣಿಗೂ ಹೋಗುವುದಿಲ್ಲ, ಬಟ್ಟೆಸೋಪಿಗೂ ಹೋಗುವುದಿಲ್ಲ. ಕೆಲಸ ನಿಂತು ವಾರಗಳಾದ ಮೇಲೆ ತಾನಾಗಿ ಬಿಡಬೇಕು. ಆ ತಿಂಗಳುಗಳಲ್ಲಿ ನಮ್ಮ ಕಡೆಯ ಬಸ್ಸು ಹತ್ತಿ ಕಂಬಿ ಹಿಡಿದ ಕೈಗಳನ್ನು ನೋಡಿದರೆ ಸಾಕು, ಯಾರು ಸುಲಿಯಲು ಹೋಗುವವರು ಎಂದು ಗೊತ್ತಾಗುತ್ತದೆ.

ಸಾಲಿನ ಮೊದಲ ಜಾಗ ಗಿರಿಜಕ್ಕನದು. ಐವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸು. ಅವರಷ್ಟು ಬೇಗ ಸುಲಿಯುವವರು ನಾರ್ವೆಯ ಸುತ್ತಮುತ್ತ ಇರಲಿಲ್ಲ. ತಂಡ ಕಟ್ಟುವವರೂ ಅವರೇ, ಹಂಡೆಯ ಹದ ನೋಡುವವರೂ ಅವರೇ. "ಗಿರಿಜ ಬರ್ತಾಳಾ ಕೇಳಿ, ಆಮೇಲೆ ಮರದಿಂದ ಅಡಿಕೆ ಕೊನೆ ಇಳ್ಸು" ಎಂದು ಮಾವ ತೋಟದವರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ.

ಆ ಜಾಗ ಅವರಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಅವರ ಗಂಡ ಬಹಳ ವರ್ಷದ ಹಿಂದೆ ಕುಡಿದು ಬರುವಾಗ ಹಳ್ಳದ ಸಂಕದಿಂದ, ಅಂದರೆ ಮರದ ಕಾಲುಸೇತುವೆಯಿಂದ, ಜಾರಿ ಬಂಡೆಯ ಮೇಲೆ ಬಿದ್ದು ಸತ್ತ. ತಲೆಯಲ್ಲಿ ಗಾಯವಿತ್ತು. ಪೊಲೀಸರು ಎಲ್ಲರನ್ನೂ ಕೇಳಿದಂತೆ ಗಿರಿಜಕ್ಕನನ್ನೂ ಕೇಳಿದರು, ಬಿದ್ದು ಸತ್ತದ್ದೆಂದು ಬರೆದುಕೊಂಡು ಹೋದರು. ಊರು ಅಷ್ಟಕ್ಕೆ ಬಿಡಲಿಲ್ಲ. ಹೊಡೆಯುವ ಗಂಡ, ಮನೆಯಲ್ಲಿ ಹರಿತವಾದ ಮೆಟ್ಟುಗತ್ತಿ. ಆಡಿಕೊಳ್ಳುವವರ ಬಾಯಿಗೆ ಇನ್ನೇನು ಬೇಕು? ಎರಡು ಕೊಯ್ಲು ಯಾರೂ ಅವರನ್ನು ಶೆಡ್ಡಿಗೆ ಕರೆಯಲಿಲ್ಲ. ಮೂರನೆಯದಕ್ಕೆ ಮಾವ ಕರೆದರು, ಅದೂ ಕೆಲಸದವರು ಸಿಗದೆ. ಅಲ್ಲಿಂದ ಒಂದೊಂದೇ ವರ್ಷ, ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾ ಬಂದು ಅವರು ಆ ಸಾಲಿನ ತಲೆಗೆ ತಲುಪಿದ್ದರು. ಆ ಮಾತು ಸತ್ತು ಹೋಗಿತ್ತು, ಇಲ್ಲವೇ ನಿದ್ದೆ ಹೋಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಒಂದು ಕೊಯ್ಲಿನ ಮಧ್ಯಾಹ್ನ ಶೆಡ್ಡಿನಲ್ಲಿ ಕೂತು ಅವರನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ.

"ಎಂತ ಬರೀತಿದ್ದೀರಿ ಟೀಚರೇ?"

"ನಿಮ್ಮನ್ನೇ ಗಿರಿಜಕ್ಕ. ಮೊಬೈಲ್ ಆಟಕ್ಕೆ."

"ನನ್ನ ಮೊಕ ಹಾಕಿದ್ರೆ ಆಡೋರು ಓಡಿ ಹೋಗ್ತಾರೆ ಮಾರಾಯ್ತಿ!" ಸಾಲೆಲ್ಲ ನಕ್ಕಿತು. ಅವರೂ ನಗುತ್ತಲೇ, "ಮೊಕ ಒಂಚೂರು ಚಂದ ಮಾಡಿ. ಕೈ ಮಾತ್ರ ಹ್ಯಾಂಗಿದ್ಯೋ ಹಾಂಗೇ ಇರ್ಲಿ" ಅಂದರು.

ಆ ಪೆನ್ಸಿಲ್ ಚಿತ್ರದ ಜೊತೆಗೆ, ಅವರು ಸುಲಿಯುತ್ತಿರುವ ಒಂದು ಫೋಟೋವನ್ನೂ ಫೋನಿನಲ್ಲಿ ನನ್ನ ಪೇಜಿಗೆ ಹಾಕಿ, ಕೆಳಗೆ 'ನಾರ್ವೆಯ ಗಿರಿಜಕ್ಕ' ಎಂದು ಬರೆದೆ. ಪರಿಚಯದವರು ಒಂದಷ್ಟು ಜನ ಮೆಚ್ಚಿದರು. ನಾನು ಮರೆತೆ.

ಕಾರ್ಡಿನ ಚಿತ್ರದಲ್ಲಿ ಗಿರಿಜಕ್ಕ ಕೂತಿಲ್ಲ, ನಿಂತಿದ್ದಾರೆ. ಹಿಂದೆ ಕಾಡು. ಮಣೆಯಿಂದ ಕಿತ್ತ ಮೆಟ್ಟುಗತ್ತಿ ಕೈಯಲ್ಲಿದೆ. ಕೈಯನ್ನು ಮೊದಲು ಕಂಡ ಹಾಗೇ ಕಂದು ಮಾಡಿದ್ದೆ. ತೆರೆಯ ಮೇಲೆ ಮಂಕಾಗಿ ಕಂಡಿತು. ಕೆಂಪು ಸ್ವಲ್ಪ ಏರಿಸಿದೆ. ಇನ್ನೂ ಸ್ವಲ್ಪ ಏರಿಸಿದೆ. ಬೆರಳ ತುದಿಯಿಂದ ಎರಡು ಹನಿ ಬೀಳಿಸಿದೆ. ಚೊಗರು ಹೀಗೇ ತೊಟ್ಟಿಕ್ಕುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಳಗಿನ ಸಾಲನ್ನು ಚಿತ್ರ ಬರೆದವರೇ ಬರೆಯಬೇಕಿತ್ತು. 'ಇವಳ ಕೈಗೆ ಅಂಟಿದ್ದು ಯಾರದೆಂದು ಕಾಡಿಗೆ ಮಾತ್ರ ಗೊತ್ತು' ಎಂದು ಬರೆದೆ. ಒಂದೇ ಸಲಕ್ಕೆ ಹೊಳೆಯಿತು, ಒಂದು ಅಕ್ಷರವೂ ತಿದ್ದಬೇಕಾಗಲಿಲ್ಲ. ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ದಸರಾ ಹೊತ್ತಿಗೆ ಕಾರ್ಡು ಆಟಕ್ಕೆ ಬಂತು. ಆಟಗಾರರಿಗೆ ಹುಚ್ಚು ಹಿಡಿಯಿತು. ಜನ ಅದನ್ನು ಫೋನಿನ ಮೇಲಿನ ಚಿತ್ರ ಮಾಡಿಕೊಂಡರು, ಟೀ ಶರ್ಟಿಗೆ ಅಚ್ಚು ಹಾಕಿಸಿಕೊಂಡರು. ಯಾರೋ ಎಲ್ಲೋ ಕೂತು ನಾನು ಬರೆದದ್ದಕ್ಕೆ ಕಾಯುತ್ತಿದ್ದಾರೆ ಎಂಬುದು ನನಗೆ ಹೊಸದು. ಸಂತೋಷದಿಂದ ಕಾಲು ನೆಲದ ಮೇಲಿರಲಿಲ್ಲ. ನಾರ್ವೆಗೆ ಹೋಗಿ ಗಿರಿಜಕ್ಕನಿಗೆ ತೋರಿಸಿದೆ. "ಅಯ್ಯಯ್ಯೋ, ಯಾರ ಮೇಲೋ ದಂಡೆತ್ತಿ ಹೊರಟ ಹಾಂಗಿದ್ದೀನಲ್ಲ" ಎಂದು ಫೋನನ್ನು ಹತ್ತಿರ ದೂರ ಹಿಡಿದು ನೋಡಿ ಖುಷಿಪಟ್ಟರು. ಕೆಳಗಿನ ಸಾಲಿನ ಅಕ್ಷರ ಸಣ್ಣದು, ಅವರಿಗೆ ಕಾಣಲಿಲ್ಲ. ನಾನು ಓದಿ ಹೇಳಲೂ ಇಲ್ಲ.

ಆ ವರ್ಷ ಕಾರ್ತಿಕ ಬಂದರೂ ಮೋಡ ಬಿಡಲಿಲ್ಲ. ಬೇಯಿಸಿ ಹರವಿದ ಅಡಿಕೆ ಒಣಗದೆ ಮಾವ ದಿನಕ್ಕೆ ನಾಲ್ಕು ಸಲ ಆಕಾಶಕ್ಕೆ ಬೈಯುತ್ತಿದ್ದರು. ಅದೇ ಹೊತ್ತಿಗೆ ನಿಶಾಂತನ ಫೋನು ಬಂತು. ಆಟವನ್ನು ಶಾಲೆಯ ಮಕ್ಕಳೂ ಆಡುವಂತೆ ಮಾಡುತ್ತಾರಂತೆ, ಅದಕ್ಕೆ ಚಿತ್ರಗಳನ್ನೆಲ್ಲ ಸ್ವಲ್ಪ ಸೌಮ್ಯ ಮಾಡಬೇಕಂತೆ.

"ಕೆಂಗೈದು ಬ್ಲಡ್ ತೆಗೀಬೇಕು ಮೇಡಂ."

"ಅದು ಬ್ಲಡ್ ಅಲ್ಲ ನಿಶಾಂತ್. ಅಡಿಕೆ ಚೊಗರು."

"ಓಕೆ ಮೇಡಂ. ಆದ್ರೆ ನೋಡೋಕೆ ಬ್ಲಡ್ ಥರಾನೇ ಇದ್ಯಲ್ಲ?"

ಇದೆ. ನಾನೇ ಹಾಗೆ ಮಾಡಿದ್ದೆ. ಎರಡು ದಿನ ಕೂತು ಹನಿ ಅಳಿಸಿದೆ, ಮೆಟ್ಟುಗತ್ತಿಯ ಜಾಗದಲ್ಲಿ ಒಂದು ಊರುಗೋಲು ಕೊಟ್ಟೆ, ಕೈಗೆ ತಿಳಿ ಗುಲಾಬಿ ಹಚ್ಚಿದೆ. ಕೆಳಗಿನ ಸಾಲನ್ನು ಅವರೇ 'ಕಾಡಿನ ಮಡಿಲ ತಾಯಿ' ಎಂದು ಬದಲಿಸಿದರು. ಕೈ ಬೆಳ್ಳಗಾದ ಮೇಲೂ ಕಾರ್ಡಿನ ಹೆಸರು ಕೆಂಗೈ ಎಂದೇ ಉಳಿಯಿತು.

ಹೊಸ ಚಿತ್ರ ಬಂದ ದಿನ ಆಟಗಾರರು ಮೈಮೇಲೆ ಬಂದವರಂತೆ ಎದ್ದರು. ಕನ್ನಡದ ಮಾತುಗಳನ್ನು ಓದಿ ಹೇಳುವ ಕೆಲಸವೂ ನನ್ನ ತಲೆಗೇ ಬಿತ್ತು, ಕಂಪನಿಯಲ್ಲಿ ಕನ್ನಡ ಬಲ್ಲವರು ಕಡಿಮೆ. 'ಕೆಂಗೈಯನ್ನು ಪಾತ್ರೆಸೋಪಿನ ಜಾಹೀರಾತಿಗೆ ಕಳಿಸಿದ್ದೀರಾ?' 'ಊರುಗೋಲು ಹಿಡಿದು ಪಿಂಚಣಿಗೆ ಹೊರಟಳು ನಮ್ಮ ಕೆಂಗೈ.' 'ರಕ್ತ ವಾಪಸ್ ಕೊಡಿ.' ಮೊದಲ ದಿನ ಓದಿ ನಕ್ಕೆ. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು. ನನ್ನ ಚಿತ್ರಕ್ಕಾಗಿ ಇಷ್ಟು ಜನ ಜಗಳ ಆಡುತ್ತಿದ್ದಾರಲ್ಲ! ಎರಡನೇ ದಿನದಿಂದ ಬೈಗುಳ ನನ್ನ ಕಡೆಗೆ ತಿರುಗಿತು. 'ಮಾರಿಕೊಂಡ ಕೈ' ಎಂದು ಒಬ್ಬ ಬರೆದ. ಊಟ ಸೇರಲಿಲ್ಲ. ಆದರೂ ಬೈಸಿಕೊಳ್ಳುತ್ತಿದ್ದದ್ದು ನಾನು, ಅಷ್ಟರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಸುದೀಪ ನನ್ನನ್ನು ಕಾಪಾಡಲು ಬಂದ.

ಸುದೀಪ ನರಸಿಂಹರಾಜಪುರದವನು. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ಆಟದಲ್ಲಿ ಪಳಗಿದ ಕೈ. ಚಿತ್ರ ಬರೆದವರು ಕೊಪ್ಪದವರೆಂದು ತಿಳಿದಾಗಿನಿಂದ ನನಗೆ ಆಗಾಗ ಮೆಸೇಜು ಮಾಡುತ್ತಿದ್ದ. ಕೆಂಗೈಯ ಕೈಯಲ್ಲಿರುವುದು ಅಡಿಕೆಯ ಕರೆ ಎಂದು ಆಟಗಾರರ ಪೈಕಿ ಗುರುತು ಹಿಡಿದವನು ಅವನೊಬ್ಬನೇ. ಅವನ ಅಮ್ಮನೂ ಸುಲಿಯಲು ಹೋಗುತ್ತಿದ್ದರಂತೆ. 'ಇದು ರಕ್ತವೇ ಅಲ್ಲ, ಹಾಗಾದ ಮೇಲೆ ತೆಗೆಸಿದ್ದು ಯಾಕೆ?' ಎಂದು ಕಂಪನಿಯನ್ನು ಕೇಳುವುದು ಅವನ ಲೆಕ್ಕಾಚಾರ. ಅದಕ್ಕೆ ಸಾಕ್ಷಿ ಬೇಕಲ್ಲ? ನನ್ನ ಪೇಜಿನಿಂದ ಗಿರಿಜಕ್ಕನ ಫೋಟೋ ಎತ್ತಿ, ಹೆಸರು ಊರು ಸಮೇತ, ಕಾರ್ಡಿನ ಪಕ್ಕದಲ್ಲಿಟ್ಟು ಎಲ್ಲರೂ ಓದುವ ಕಡೆ ಹಾಕಿದ. 'ನೋಡಿ, ನಿಜವಾದ ಕೆಂಗೈ ಇವರು. ನಮ್ಮ ಮಲೆನಾಡಿನ ದುಡಿಯುವ ತಾಯಿ. ಇವರ ಕೈಯ ಕರೆ ನಿಮಗೆ ಹೇಸಿಗೆಯಾ?' ಎಂದು ಬರೆದ. ಓದಿ ನನಗೇ ಕಣ್ಣು ತುಂಬಿ ಬಂತು. ಹೃದಯದ ಗುರುತು ಒತ್ತಿದೆ. ಒತ್ತಿದವರಲ್ಲಿ ನಾನೂ ಒಬ್ಬಳು.

ಸಂಜೆಯೊಳಗೆ ಅದರ ಕೆಳಗೆ ಯಾರೋ ಬರೆದಿದ್ದರು. ಹೆಸರು ಸುಳ್ಳು ಹೆಸರು, ಮಾತು ನಮ್ಮ ಕಡೆಯದೇ. 'ಓ ನಾರ್ವೆ ಗಿರಿಜಾನಾ? ಇವಳ ಗಂಡನ ವಿಷ್ಯ ಗೊತ್ತಿಲ್ವಾ ಯಾರಿಗೂ? ಸಂಕದ ಕೆಳಗೆ ತಲೆ ಒಡೆದು ಬಿದ್ದಿದ್ದ. ಅಡಿಕೆ ಕರೆಯಂತೆ!'

ಮುಂದಿನದನ್ನು ಹೇಳಲು ಈಗಲೂ ಕಷ್ಟವಾಗುತ್ತದೆ. ಆಟಗಾರರಿಗೆ ಇದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಅವರ ಕೆಂಗೈ ನಿಜವಾಗಿಯೂ ಇದ್ದಾಳೆ, ಅವಳ ಕೈಯಲ್ಲಿದ್ದದ್ದು ನಿಜವಾಗಿಯೂ ರಕ್ತ, ಅದನ್ನು ಮುಚ್ಚಿಹಾಕಲು ಕಂಪನಿ ಚಿತ್ರ ತಿದ್ದಿಸಿದೆ! ಗಿರಿಜಕ್ಕನ ಫೋಟೋದ ಕೈಗೂ ಯಾರೋ ಕೆಂಪು ಹಚ್ಚಿದರು. ಕೆಳಗೆ ನನ್ನದೇ ಸಾಲು ಅಂಟಿಸಿದರು. ಆ ಸಾಲನ್ನು ಆ ಫೋಟೋದ ಕೆಳಗೆ ಓದಿದಾಗ ಅದು ನನಗೆ ಎಲ್ಲಿಂದ ಹೊಳೆದಿತ್ತೆಂದು ಗೊತ್ತಾಯಿತು. ಚಿಕ್ಕವಳಿದ್ದಾಗ ದೊಡ್ಡವರು ದನಿ ತಗ್ಗಿಸಿ ಆಡುತ್ತಿದ್ದ ಮಾತು ಕಿವಿಯಲ್ಲಿ ಉಳಿದಿತ್ತು. ನಾನು ಅದನ್ನೇ ಒಪ್ಪ ಮಾಡಿ ಬರೆದಿದ್ದೆ.

ಮಾರನೇ ದಿನ ರಜೆ ಹಾಕಿ ನರಸಿಂಹರಾಜಪುರಕ್ಕೆ ಹೋದೆ. ಸುದೀಪನ ಅಂಗಡಿಯ ಕೌಂಟರಿನಲ್ಲಿ ಬಿಚ್ಚಿಟ್ಟ ಫೋನುಗಳ ನಡುವೆ ಅವನು ತಲೆ ತಗ್ಗಿಸಿ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ತೆಗ್ದೆ ಟೀಚರ್, ಬೆಳಿಗ್ಗೆನೇ ತೆಗ್ದೆ" ಅಂದ. "ನಾನು ನಿಮ್ಮ ಪರವಾಗೇ ಹಾಕಿದ್ದು. ದೇವ್ರಾಣೆ."

"ಗೊತ್ತು ಸುದೀಪ."

"ನಾನು ತೆಗೆದ್ರೂ ಎಂತ ಆಗ್ತದೆ? ಎಲ್ಲರ ಹತ್ರ ಇದೆ ಈಗ. ಅವ್ರ ಮನೆಗೆ ಹೋಗಿ ಕಾಲಿಗೆ ಬೀಳ್ಲಾ?"

"ಬೇಡ. ನಾನು ಹೋಗ್ಬೇಕು" ಅಂದೆ. ಅವನು ಟೀ ತರಿಸಿದ. ಇಬ್ಬರೂ ಕುಡಿಯಲಿಲ್ಲ. ಅವನ ಮೇಲೆ ರೇಗಬೇಕೆಂದೇ ಅಷ್ಟು ದೂರ ಹೋಗಿದ್ದೆ. ರೇಗಲು ಆಗಲಿಲ್ಲ. ಪೇಜಿನಲ್ಲಿ ಹೆಸರು, ಊರು, ಮುಖ ಒಟ್ಟಿಗೆ ಇಟ್ಟವಳು ನಾನು.

ನಾರ್ವೆಗೆ ಹೋಗಲು ಆಮೇಲೂ ಮೂರು ದಿನ ಬೇಕಾಯಿತು. ಧೈರ್ಯ ಬರಲಿಲ್ಲ, ಅಷ್ಟೇ. ಮಾವನೇ ಫೋನು ಮಾಡಿದರು. "ಎಂತ ಮಾಡಿ ಹಾಕಿದ್ದೀಯೇ ಕೂಸೇ? ಇಲ್ಲಿ ಬಂದು ಶೆಡ್ಡಲ್ಲಿ ಸಾಲು ನೋಡು" ಎಂದು ಹೇಳಿ ಇಟ್ಟುಬಿಟ್ಟರು.

ಸಾಲು ಎಂದಿನಂತೆ ಕೂತಿತ್ತು. ಗಿರಿಜಕ್ಕ ಎಂದಿನ ಜಾಗದಲ್ಲೇ ಇದ್ದರು. ಅವರ ಪಕ್ಕದ ಹೆಂಗಸು ತನ್ನ ಮಣೆ ಎತ್ತಿಕೊಂಡು ಆಚೆ ಹೋಗಿದ್ದಳು. ಅವರಿಗೂ ಸಾಲಿಗೂ ನಡುವೆ ಎರಡು ಗೋಣಿಚೀಲ ಹಾಸುವಷ್ಟು ಜಾಗ ಬಿಟ್ಟಿತ್ತು. ಯಾರೂ ಏನೂ ಆಡುತ್ತಿರಲಿಲ್ಲ. ಮೊದಲೆಲ್ಲ ಆ ಶೆಡ್ಡಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಗಲಾಟೆ ಇರುತ್ತಿತ್ತು. ನಾನು ಹೋಗಿ ಆ ಖಾಲಿ ಜಾಗದಲ್ಲಿ ಕೂತೆ.

"ಕೊಪ್ಪದಲ್ಲಿ ಬಸ್ಸು ಹತ್ತುವಾಗ ಕಾಲೇಜು ಹುಡುಗ್ರು ಕೆಂಗೈ ಕೆಂಗೈ ಅಂತ ಕೂಗಿದ್ರು" ಎಂದು ಗಿರಿಜಕ್ಕ ಕೆಲಸ ನಿಲ್ಲಿಸದೆ ಅಂದರು. "ನಂಗೆ ಅರ್ಥ ಆಗ್ಲಿಲ್ಲ. ನೀವು ಬರ್ದ ಚಿತ್ರ ಗುರ್ತು ಸಿಕ್ತಲ್ಲ ಅಂತ ನಕ್ಕೆ ಟೀಚರೇ. ಕೈ ಬೀಸಿದೆ."

ನಾನು ಎಲ್ಲ ಹೇಳಿದೆ. ಕೆಂಪು ಏರಿಸಿದ್ದು, ಹನಿ ಬೀಳಿಸಿದ್ದು, ಕೆಳಗಿನ ಸಾಲು. ಸಾಲನ್ನು ಓದಿ ಹೇಳಿ ಎಂದರು, ಓದಿದೆ. ಅವರ ಕೈ ನಿಂತಿತು.

"ಈ ಮಾತು ನಿಮ್ಗೆ ಎಲ್ಲಿಂದ ಬಂತು?"

ಉತ್ತರಕ್ಕೆ ಅವರು ಕಾಯಲಿಲ್ಲ, ಇನ್ನೊಂದು ಅಡಿಕೆ ಎತ್ತಿಕೊಂಡರು. "ಅವತ್ತು ಪೊಲೀಸ್ರು ಎದುರಿಗೆ ಕೂತು ಕೇಳಿದ್ರು. ಕೇಳಿದ್ದಕ್ಕೆ ಉತ್ರ ಕೊಟ್ಟೆ, ಮುಗೀತು. ಈ ಮೊಬೈಲಲ್ಲಿ ಇರೋರಿಗೆ ಎಲ್ಲಿ ಹೋಗಿ ಉತ್ರ ಕೊಡ್ಲಿ ಹೇಳಿ?"

"ಕೈ ಬೆಳ್ಳಗೆ ಮಾಡಿದ ಚಿತ್ರಾನೇ ಇರೋ ಹಾಗೆ ಕೇಳ್ತೇನೆ ಗಿರಿಜಕ್ಕ. ಹಳೇದು ಯಾರಿಗೂ ಸಿಗದ ಹಾಗೆ..."

"ಅದನ್ನೂ ತೋರ್ಸಿದ್ರು ನಂಗೆ. ಅದು ಇನ್ನೂ ಕೆಟ್ಟದು ಮಾರಾಯ್ತಿ. ಮಾಡೋದು ಮಾಡಿ ಮುಚ್ಚಿಟ್ಟ ಹಾಂಗಿದೆ." ಸ್ವಲ್ಪ ಹೊತ್ತು ಸುಲಿದರು. ಆಮೇಲೆ ಮೆತ್ತಗೆ, "ಮುಂದೆ ಒಂದು ರಾಶಿ ಅಡಿಕೆ ಬರೀರಿ. ಹಂಡೆ ಬರೀರಿ. ಕತ್ತೀನ ಮಣೆಗೆ ಹಾಕಿ ನನ್ನ ಕೂರ್ಸಿ. ಆಗ ಕೈ ಎಂತ ಬಣ್ಣ ಇದ್ರೂ ಯಾರೂ ಎಂತ ಅನ್ನೂದಿಲ್ಲ" ಅಂದರು.

ಇಷ್ಟು ಸರಳವಾದದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಕೊಪ್ಪಕ್ಕೆ ಬಂದು ಆ ವಾರವೆಲ್ಲ ಬರೆದೆ. ನಾನು ಆ ಆಟಕ್ಕೆ ಬರೆದವುಗಳಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಇಲ್ಲ ಎಂದು ಈಗಲೂ ಹೇಳುತ್ತೇನೆ. ಗಿರಿಜಕ್ಕ ಮೆಟ್ಟುಗತ್ತಿಯ ಮುಂದೆ ಕೂತಿದ್ದಾರೆ, ಪಕ್ಕದಲ್ಲಿ ಹಸಿರು ಅಡಿಕೆಯ ರಾಶಿ, ಹಿಂದೆ ಹಂಡೆಯ ಹಬೆ, ಕೈ ಇದ್ದ ಹಾಗೇ ಕೆಂಗಂದು. ನಿಶಾಂತನಿಗೆ ಕಳಿಸಿದೆ. "ತುಂಬ ಚೆನ್ನಾಗಿದೆ ಮೇಡಂ. ಆದ್ರೆ ಇವರು ಫೈಟ್ ಮಾಡೋ ಥರ ಕಾಣ್ತಿಲ್ಲ" ಅಂದ. ನಾನು ಬಿಡಲಿಲ್ಲ. ಕೊನೆಗೆ ಅವನು ಒಂದು ದಾರಿ ಹೇಳಿದ. ಭಾನುವಾರ ಬೆಳಿಗ್ಗೆ ಆಟಗಾರರ ಜೊತೆ ನನ್ನನ್ನು ಲೈವಿನಲ್ಲಿ ಕೂರಿಸುತ್ತಾನೆ, ನಾನೇ ಹೊಸ ಚಿತ್ರ ತೋರಿಸಿ ವಿಷಯ ವಿವರಿಸಬೇಕು. ಅವರು ಒಪ್ಪಿದರೆ ಕಂಪನಿಯೂ ಒಪ್ಪುತ್ತದೆ.

ಭಾನುವಾರ ಮೋಡ ಬಿಟ್ಟು ಬಿಸಿಲು ಬಂದಿತ್ತು. ಒಳ್ಳೆಯ ಸೀರೆ ಉಟ್ಟು ಫೋನಿನ ಮುಂದೆ ಕೂತೆ. ಚೊಗರು ಅಂದರೆ ಏನು, ಕೆಂಪು ಏರಿಸಿದ್ದು ಯಾರು, ಆ ಸಾಲು ಎಷ್ಟು ತಪ್ಪು, ಎಲ್ಲ ಹೇಳಿದೆ. ಫೋಟೋದಲ್ಲಿರುವವರು ಯಾರಿಗೂ ಏನೂ ಮಾಡಿದವರಲ್ಲ, ದಯವಿಟ್ಟು ಅವರನ್ನು ಬಿಡಿ ಎಂದು ಕೈ ಮುಗಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ತ‍ಡೆದುಕೊಳ್ಳಲಿಲ್ಲ.

ತೆರೆಯ ಪಕ್ಕದಲ್ಲಿ ಆಟಗಾರರು ಬರೆಯುತ್ತಿದ್ದ ಮಾತುಗಳು ಮೇಲಕ್ಕೆ ಓಡುತ್ತಿದ್ದವು. 'ಪಾಪ, ಮೇಡಂ ಕೈಲಿ ಬರೆದುಕೊಟ್ಟದ್ದು ಓದಿಸ್ತಿದ್ದಾರೆ.' 'ಅಳ್ತಿದ್ದಾರೆ ನೋಡಿ, ಎಷ್ಟು ಒತ್ತಡ ಹಾಕಿರಬೇಕು.' 'ಅಡಿಕೆ ಅಂತೆ, ಕಥೆ ಕಟ್ಟೋದಕ್ಕೂ ಮಿತಿ ಬೇಡ್ವಾ?' 'ಮೇಡಂ, ಹೆದರಬೇಡಿ, ನಿಮ್ಮ ಹಿಂದೆ ನಾವಿದ್ದೇವೆ.' ಹೊಸ ಚಿತ್ರ ತೋರಿಸಿದಾಗ, 'ಇದು ಮೊದಲಿನದಕ್ಕಿಂತ ಸಪ್ಪೆ' ಎಂದು ಸಾಲುಸಾಲಾಗಿ ಬಂತು. ಸುದೀಪನೊಬ್ಬ ಮಾತ್ರ, 'ಅವರು ಹೇಳ್ತಿರೋದು ನಿಜ, ನಮ್ಮಮ್ಮನ ಕೈಯೂ ಹೀಗೇ ಇತ್ತು' ಎಂದು ಬರೆಯುತ್ತಲೇ ಇದ್ದ. ಅವನನ್ನು ಕಂಪನಿಯ ಬಾಡಿಗೆ ಬಂಟ ಎಂದು ಕರೆದು ಹೊರಗೆ ಹಾಕಿಸಿದರು. ಅಷ್ಟು ಜನರಲ್ಲಿ ಕೆಟ್ಟವರು ಎಷ್ಟಿದ್ದರೋ ಗೊತ್ತಿಲ್ಲ. ಹೆಚ್ಚಿನವರು ನನ್ನನ್ನು ಪ್ರೀತಿಸುವವರೇ. ಅವರ ಪ್ರೀತಿಗೆ ನನ್ನ ಮಾತೊಂದು ಬೇಕಾಗಿರಲಿಲ್ಲ.

ವಾರದ ನಂತರ ಕಂಪನಿ ಆಟಗಾರರ ದನಿಗೆ ಓಗೊಟ್ಟದ್ದಾಗಿ ಪ್ರಕಟಿಸಿತು. ದೊಡ್ಡವರ ಫೋನಿಗೆ ಹಳೇ ಚಿತ್ರ, ಮಕ್ಕಳ ಫೋನಿಗೆ ಬೆಳ್ಳಗಿನ ಕೈಯ ಚಿತ್ರ. ಸಾಲನ್ನಾದರೂ ತೆಗೆಯಿರಿ ಎಂದು ನಿಶಾಂತನಲ್ಲಿ ಬೇಡಿದೆ. "ಅವರು ಎಲ್ಲಕ್ಕಿಂತ ಜಾಸ್ತಿ ಕೇಳ್ತಿರೋದೇ ಆ ಲೈನು ಮೇಡಂ" ಅಂದ. ಆ ದಿನ ನನ್ನ ಫೋನಿನ ತುಂಬ ಅಭಿನಂದನೆ. 'ಗೆದ್ದೆವು ಮೇಡಂ.' 'ನಿಮ್ಮ ಕಲೆಗೆ ನ್ಯಾಯ ಸಿಕ್ಕಿತು.' ಅಡಿಕೆ ರಾಶಿಯ ಚಿತ್ರ ಯಾವ ಫೋನಿಗೂ ಹೋಗಲಿಲ್ಲ. ಕೆಲಸ ಬಿಡುತ್ತೇನೆ ಎಂದು ಪತ್ರ ಬರೆದಿಟ್ಟೆ, ಕಳಿಸಲಿಲ್ಲ. ಆಮೇಲೆ ಇನ್ನೂ ಎರಡು ಕಾರ್ಡು ಬರೆದುಕೊಟ್ಟೆ. ಇದನ್ನು ಹೇಳದೆ ಹೋದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಕೊಯ್ಲಿನ ಕೊನೆಯ ಸುತ್ತು ನಡೆಯುತ್ತಿದ್ದಾಗ ನಾರ್ವೆಗೆ ಹೋದೆ. ಅಡಿಕೆ ರಾಶಿಯ ಚಿತ್ರ ಹಾಕಿಸಲು ಆಗಲಿಲ್ಲ ಎಂದು ಗಿರಿಜಕ್ಕನಿಗೆ ಹೇಳಬೇಕಿತ್ತು. ಪುಷ್ಯದ ಬಿಸಿಲಿಗೆ ಅಂಗಳದ ತುಂಬ ಅಡಿಕೆ ಹರವಿದ್ದರು. ಶೆಡ್ಡಿನಲ್ಲಿ ಮತ್ತೆ ಮಾತು ನಗು ಕೇಳಿಸುತ್ತಿತ್ತು. ಸಾಲಿನಲ್ಲಿ ನಡುವೆ ಬಿಟ್ಟಿದ್ದ ಜಾಗ ಈಗ ಇರಲಿಲ್ಲ. ಒಂದು ಕ್ಷಣ ಎದೆ ಹಗುರಾಯಿತು. ಮೊದಲ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಹಂಡೆಯ ಹತ್ತಿರವೂ ಬೇರೆ ಹೆಂಗಸು. ಗಿರಿಜಕ್ಕ ಸಾಲಿನ ತುದಿಯಲ್ಲಿ, ಈ ವರ್ಷವಷ್ಟೇ ಕಲಿಯಲು ಬಂದಿದ್ದ ಹುಡುಗಿಯರಿಗಿಂತಲೂ ಆಚೆ ಇದ್ದರು.

ಹತ್ತಿರ ಹೋದಾಗ ಕಾಣಿಸಿತು. ಎರಡು ಕೈಗೂ ಮೊಣಕೈವರೆಗೆ ಬರುವ ನೀಲಿ ರಬ್ಬರ್ ಗ್ಲೌಸು. ಅಡಿಕೆ ಜಾರುತ್ತಿತ್ತು. ಒಂದನ್ನು ಹಿಡಿದು ಅಲಗಿಗೆ ಒತ್ತುವಷ್ಟರಲ್ಲಿ ಪಕ್ಕದ ಹುಡುಗಿ ಮೂರು ಸುಲಿದು ಬುಟ್ಟಿಗೆ ಹಾಕುತ್ತಿದ್ದಳು.

"ಇದೆಂತ ಗಿರಿಜಕ್ಕ?"

"ಚಳಿ ಅಲ್ದಾ ಟೀಚರೇ, ಕೈ ಒಡೀತದೆ" ಅಂದರು. ಪಕ್ಕದ ಹುಡುಗಿ ತಲೆ ತಗ್ಗಿಸಿದಳು. ಕಂಪನಿ ಒಪ್ಪಲಿಲ್ಲ ಎಂದು ಹೇಳಿದೆ. "ಆಗ್ಲಿ ಬಿಡಿ, ನೀವು ಬರ್ದಿದ್ರಲ್ಲ" ಎಂದು ಅಷ್ಟಕ್ಕೇ ಮುಗಿಸಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾವನ ಮನೆಯಿಂದ ಎಲ್ಲರಿಗೂ ಕಾಫಿ ಬಂತು. ಗಿರಿಜಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದೊಂದೇ ಬೆರಳು ಎಳೆದು ಗ್ಲೌಸು ಕಳಚಿದರು, ಲೋಟಕ್ಕೆ ಕೈ ಚಾಚಿದರು. ಸಾಲಿನ ಅಷ್ಟೂ ಕೈಗಳು ಕರೆ ಹಿಡಿದು ಕಂದಾಗಿದ್ದವು. ಅವರದು ಮಾತ್ರ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಬೆಳ್ಳಗಾಗಿತ್ತು, ನಾನು ತಿದ್ದಿ ಬರೆದುಕೊಟ್ಟ ಚಿತ್ರದಲ್ಲಿ ಹೇಗಿತ್ತೋ ಹಾಗೇ.